ಸೋಬಾನೆ ಹಾಡು ಎಲ್ಲಿ ಹೋಯ್ತು?

ನಮ್ಮ ಕದ್ರಾದ ಮಳೆಗಾಲ ಗೊತ್ತಲ್ಲ? ಬಟ್ಟೆ ಒಣಗೋಲ್ಲ, ಅಣೆಕಟ್ಟಿನ ಪಕ್ಕದಲ್ಲೇ ಇದ್ದರೂ ಕರೆಂಟು ನಿಲ್ಲೋಲ್ಲ. ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿಲ್ಲದ ಅಂಥ ದಿನಗಳಲ್ಲೇ ನಾನೂ ಅತ್ತೆಯೂ ಒಂದು ಕೆಲಸ ಹಚ್ಚಿಕೊಂಡಿದ್ದೆವು. ಅತ್ತೆ ಹಾಡುವ ಸೋಬಾನೆ, ಎಣ್ಣೆಶಾಸ್ತ್ರದ ಹಾಡು, ಹೆಣ್ಣೊಪ್ಪಿಸುವ ಹಾಡುಗಳನ್ನೆಲ್ಲ ಮಾವ 2004ರಲ್ಲಿ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿಟ್ಟಿದ್ದರು. ಮಾವ ಈಗಿಲ್ಲ. ಆ ಕಂಪ್ಯೂಟರೂ ಕೆಟ್ಟಿತು. ಮಗ ಅದೇ ಹಳೇ ಕನ್ನಡ ಪ್ರೋಗ್ರಾಂ ಮತ್ತು ಹಾಡಿನ ಫೈಲನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಅತ್ತೆ ಹಾಡೋದು, ನಾನು ತಪ್ಪು ತಿದ್ದೋದು. ಹೀಗೆ ಮೂರು ವಾರ ನಡೆಯಿತು.

ಆಮೇಲೆ ಶುರುವಾಯ್ತು ನೋಡಿ, ಪ್ರೋಗ್ರಾಂನ ಹಟ! ಬೇರೆ ಕಿಟಕಿ ತೆರೆದು ಮರಳಿ ಬಂದರೆ ಪರದೆ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತಿತ್ತು. ರಿಪೇರಿಯ ಹುಡುಗನೊಬ್ಬ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ಗೆ ಟಿಕ್ ಹಾಕಿಕೊಟ್ಟ. ಹ್ಯಾಂಗ್ ಆಗೋದೇನೋ ತಪ್ಪಿತು. ಆದರೆ ಫೈಲ್ ತೆರೆದರೆ ನಾನು ತಿದ್ದಿದ್ದು ಒಂದೂ ಇಲ್ಲ! ಮಾವನ ಕಾಲದ ತಪ್ಪುಗಳೆಲ್ಲ ಇದ್ದಲ್ಲೇ ಇವೆ. ನಾನು ಅಳೋದೊಂದು ಬಾಕಿ. ಎಂಬತ್ತು ದಾಟಿದ ಅತ್ತೆಯೇ ಸಮಾಧಾನ ಮಾಡಿದರು: “ಹೋಗ್ಲಿ ಬಿಡು ತಂಗಿ, ನಾ ಬದ್ಕಿದ್ದೆ ಅಲ್ದಾ, ಮತ್ತೊಂದ್ಸಲ ಹಾಡ್ತೆ.” ಆ ಮಾತು ಕೇಳಿ ಇನ್ನೂ ಸಂಕಟವಾಯ್ತು.

ತಿದ್ದಿದ್ದು ಎಲ್ಲೂ ಹೋಗಿರಲಿಲ್ಲ ಅನ್ನೋದು ಆಮೇಲೆ ತಿಳಿಯಿತು. ಹಳೇ ಪ್ರೋಗ್ರಾಂಗಳಿಗೆ ಇಡೀ ಮನೆ ತಮ್ಮದೇ ಅನ್ನೋ ಭಾವನೆ. ಡಾಸ್ ಕಾಲದಲ್ಲಿ ಒಮ್ಮೆಗೆ ಒಂದೇ ಪ್ರೋಗ್ರಾಂ ನಡೆಯುತ್ತಿತ್ತು. ವಿಂಡೋಸ್ 3.1ರಲ್ಲಿ ಹಲವಾರು ಬಂದವು, ಆದರೆ ಒಂದೇ ಬಚ್ಚಲಿನ ಮನೆಯ ಹಾಗೆ: ಒಳಗೆ ಹೋದವರು ತಾವಾಗಿ ಹೊರಗೆ ಬಂದರೇ ಉಳಿದವರ ಸ್ನಾನ. 1995ರ ವಿಂಡೋಸ್ 95ರಿಂದ, ಅದಕ್ಕೆಂದೇ ಬರೆದ ಹೊಸ ಪ್ರೋಗ್ರಾಂಗಳ ಮಟ್ಟಿಗೆ, ‘ನಿನ್ನ ಸಮಯ ಮುಗೀತು, ಬಾ ಹೊರಗೆ’ ಅಂತ ಯಜಮಾನನೇ ಬಾಗಿಲು ಬಡಿಯತೊಡಗಿದ.

2007ರಲ್ಲಿ ವಿಂಡೋಸ್ ವಿಸ್ಟಾ ಇನ್ನೊಂದು ಕಟ್ಟುಪಾಡು ತಂದಿತು. ಪ್ರೋಗ್ರಾಂಗಳಿರುವ ‘ಪ್ರೋಗ್ರಾಂ ಫೈಲ್ಸ್’ ಎಂಬ ಕೋಣೆಯಲ್ಲಿ ಯಾರೆಂದರೆ ಅವರು ಏನೂ ಇಡುವಂತಿಲ್ಲ. ಹಳೇ ಪ್ರೋಗ್ರಾಂಗೆ ಅಲ್ಲೇ ಇಟ್ಟು ಅಭ್ಯಾಸ. ಬೇಡ ಅಂದರೆ ರಂಪ. ಅದಕ್ಕೆ ವಿಂಡೋಸ್ ಜಾಣ ಸೊಸೆಯ ಹಾಗೆ ಡಬ್ಬಿಯನ್ನು ಸುಮ್ಮನೆ ಬೇರೆ ಕಪಾಟಿನಲ್ಲಿಟ್ಟು, ‘ಅಟ್ಟದಲ್ಲೇ ಇಟ್ಟಿದ್ದೇನೆ ಅತ್ತೆ’ ಅನ್ನುತ್ತದೆ. ಆ ಕಪಾಟಿನ ಹೆಸರು ‘ವರ್ಚುವಲ್‌ಸ್ಟೋರ್’. ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿದರೆ ಈ ನಾಟಕ ನಿಲ್ಲುತ್ತದೆ, ಪ್ರೋಗ್ರಾಂ ನೇರ ಅಟ್ಟಕ್ಕೇ ಹೋಗಿ ಹಳೇ ಡಬ್ಬಿ ತೆಗೆಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಮಗ ಹಾಡಿನ ಫೈಲನ್ನೂ ಪ್ರೋಗ್ರಾಂ ಜೊತೆಗೇ ಇಟ್ಟಿದ್ದ.

ನಿಮ್ಮದೂ ಹೀಗೆ ಮಾಯವಾಗಿದ್ದರೆ ಗಾಬರಿಯಾಗಬೇಡಿ, ಆ ಫೈಲಿನ ಮೇಲೆ ಹೊಸದಾಗಿ ಸೇವ್ ಮಾಡಲೂ ಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ ತೋರಿಸಲು ಹೇಳಿ (ವಿಂಡೋಸ್ 11ರಲ್ಲಿ ಇದು ‘ವ್ಯೂ’ ಒಳಗಿನ ‘ಶೋ’ದಲ್ಲಿದೆ). ಆಮೇಲೆ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಹೀಗೆ ಒಳಗೆ ಹೋಗಿ. ಸಿಕ್ಕಿದ್ದನ್ನು ‘ಡಾಕ್ಯುಮೆಂಟ್ಸ್’ಗೆ ಕಾಪಿ ಮಾಡಿ, ಮುಂದೆ ಅಲ್ಲಿಂದಲೇ ತೆರೆಯಿರಿ. ಆಮೇಲೆ ಯಾವ ಟಿಕ್ ಹಾಕಿದರೂ ಭಯವಿಲ್ಲ.

ಹ್ಯಾಂಗ್ ಆದಾಗ ತಕ್ಷಣ ಸ್ವಿಚ್ ಒತ್ತಬೇಡಿ. ಐದು ನಿಮಿಷ ಕಾದು, ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು ಸಾಲಿನಲ್ಲಿ ಯಾರು ಹೆಚ್ಚು ತಿನ್ನುತ್ತಿದ್ದಾರೆ ಅಂತ ನೋಡಿ. ‘ಎಂಡ್ ಟಾಸ್ಕ್’ ಕೊನೇ ಉಪಾಯ, ಸೇವ್ ಮಾಡದ್ದು ಹೋಗುತ್ತದೆ. ಪಾಸ್‌ವರ್ಡ್ ಸರಿ ಇದ್ದೂ ತಪ್ಪು ಅಂತ ಬಂದರೆ, ಹಿಂದೆ ಅಡಗಿ ಕೂತ ಕನ್ನಡ ಕೀಲಿಮಣೆ ಅಕ್ಷರ ಬದಲಿಸುತ್ತಿರಬಹುದು, ಅದನ್ನು ಮೊದಲು ಮುಚ್ಚಿ. ‘ನುಡಿ’ಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಗಲು ಸ್ಕ್ರಾಲ್ ಲಾಕ್ ಬೇಕು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಗುಂಡಿಯೇ ಇಲ್ಲ! ವಿಂಡೋಸ್‌ನ ‘ಆನ್ ಸ್ಕ್ರೀನ್ ಕೀಬೋರ್ಡ್’ ತೆರೆದರೆ ಸಿಗುತ್ತದೆ. ಇನ್ನು ಡಾಸ್ ಕಾಲದ್ದೇ ಪ್ರೋಗ್ರಾಂ ಆದರೆ 64 ಬಿಟ್ ವಿಂಡೋಸ್‌ನಲ್ಲಿ ನಡೆಯೋದೇ ಇಲ್ಲ, ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ ಬೇಕು.

ಹಳೇ ಪ್ರೋಗ್ರಾಂನ ಸೇವೆ ಎಷ್ಟು ದಿನ ಅಂತ ಮಾಡೋದು? ಹಳೇ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಸೌಕರ್ಯ ‘ಬರಹ’, ‘ನುಡಿ’ ಎರಡರಲ್ಲೂ ಇದೆ. ಬದಲಿಸಿದರೆ ಮೊಬೈಲಿನಲ್ಲೂ ಓದಬಹುದು. ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾಗುತ್ತದೆ, ಒಮ್ಮೆ ಓದಿ ನೋಡಲೇಬೇಕು.

ನಾವೀಗ ಅದನ್ನೇ ಮಾಡುತ್ತಿದ್ದೇವೆ. ಮೊನ್ನೆ ಹೆಣ್ಣೊಪ್ಪಿಸುವ ಹಾಡಿನಲ್ಲಿ ಮಾವ ಬಿಟ್ಟಿದ್ದ ಒಂದು ಸಾಲು ಅತ್ತೆಗೆ ಥಟ್ಟನೆ ನೆನಪಾಯ್ತು. ಸೇರಿಸಿ, ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿದ ಮೇಲೇ ಚಾಕ್ಕೆ ಇಟ್ಟೆ.