ವೈದ್ಯವೃತ್ತಿಯ ನಿಯಂತ್ರಣ: ಪರಿಷತ್ತಿನಿಂದ ಆಯೋಗಕ್ಕೆ

ನೇಯ್ಗೆ ಸಡಿಲವಾಗಿದ್ದರೆ ಬಟ್ಟೆ ಕೊಳ್ಳುವವನ ಕಣ್ಣಿಗೇ ಅದು ಕಾಣುತ್ತದೆ. ಔಷಧದ ಪ್ರಮಾಣ ತಪ್ಪಿದುದು ರೋಗಿಗೆ ತಿಳಿಯುವುದಿಲ್ಲ. ವೈದ್ಯನ ಯೋಗ್ಯತೆಯನ್ನು ರೋಗಿಯು ತಾನೇ ಅಳೆಯಲಾರನಾದ ಕಾರಣ, ಅವನ ಪರವಾಗಿ ಅದನ್ನು ಅಳೆಯುವ ಸಂಸ್ಥೆಯೊಂದು ಅವಶ್ಯವಾಗುತ್ತದೆ. ಆ ಸಂಸ್ಥೆ ಯಾರದಾಗಿರಬೇಕು ಎಂಬುದೇ ಪ್ರಕೃತ ವಿಚಾರ.

ಬ್ರಿಟನ್ನಿನಲ್ಲಿ 1858ರ ಕಾಯಿದೆಯು ವೈದ್ಯರ ನೋಂದಣಿ ಪಟ್ಟಿಯನ್ನೂ ಅದನ್ನು ಕಾಯುವ ಪರಿಷತ್ತನ್ನೂ ಸ್ಥಾಪಿಸಿತು. ಅದೇ ಮಾದರಿಯಲ್ಲಿ 1933ರ ಕಾಯಿದೆಯಿಂದ ಭಾರತೀಯ ವೈದ್ಯಕೀಯ ಪರಿಷತ್ತು ಹುಟ್ಟಿತು. 1956ರ ಕಾಯಿದೆಯು ಅದನ್ನು ಪುನರ್ರಚಿಸಿತು. ವೈದ್ಯಶಿಕ್ಷಣದ ಮಟ್ಟವನ್ನು ಗೊತ್ತುಮಾಡುವುದು ಕೇಂದ್ರ ಪರಿಷತ್ತಿನ ಹೊಣೆಯಾಗಿದ್ದಿತು. ವೈದ್ಯರನ್ನು ನೋಂದಾಯಿಸುವುದೂ ತಪ್ಪಿತಸ್ಥರನ್ನು ಶಿಸ್ತಿಗೆ ಒಳಪಡಿಸುವುದೂ ಮುಖ್ಯವಾಗಿ ರಾಜ್ಯ ಪರಿಷತ್ತುಗಳ ಹೊಣೆ. ನಮ್ಮ ರಾಜ್ಯದಲ್ಲಿ ಈ ಕಾರ್ಯವು 1961ರ ವೈದ್ಯ ನೋಂದಣಿ ಕಾಯಿದೆಯನ್ವಯ ನಡೆದುಬಂದಿದೆ.

ಕೇಂದ್ರ ಪರಿಷತ್ತಿನಲ್ಲಿ ವೃತ್ತಿಯವರಿಂದ ಚುನಾಯಿತರಾದವರಿಗೆ ಪ್ರಾಬಲ್ಯವಿದ್ದಿತು. ವೈದ್ಯವಿದ್ಯೆಯನ್ನು ಬಲ್ಲವರೇ ವೈದ್ಯರನ್ನು ವಿಚಾರಿಸಬೇಕೆಂಬುದು ಇದರ ಹಿಂದಿನ ತರ್ಕ. ತರ್ಕ ಸಾಧುವಾದುದೇ; ಆದರೆ ವಿಚಾರಣೆಗೆ ಗುರಿಯಾಗಬಹುದಾದವರ ಮತದಿಂದಲೇ ವಿಚಾರಕರು ಆರಿಸಿಬರುವಲ್ಲಿ ನಿಷ್ಪಕ್ಷಪಾತವು ಸುಲಭವಲ್ಲ. ಭ್ರಷ್ಟಾಚಾರದ ಆಪಾದನೆಗಳ ಹಿನ್ನೆಲೆಯಲ್ಲಿ 2010ರಲ್ಲಿ ಪರಿಷತ್ತನ್ನು ತೆರವುಮಾಡಿ ಆಡಳಿತ ಮಂಡಲಿಯೊಂದನ್ನು ನೇಮಿಸಲಾಯಿತು. ಮತ್ತೆ ರಚಿತವಾದ ಪರಿಷತ್ತಿನ ಕಾರ್ಯವನ್ನು ಸಂಸದೀಯ ಸ್ಥಾಯಿ ಸಮಿತಿಯು 2016ರ ವರದಿಯಲ್ಲಿ ಕಟುವಾಗಿ ವಿಮರ್ಶಿಸಿತು. 2018ರಲ್ಲಿ ಸುಗ್ರೀವಾಜ್ಞೆಯ ಮೂಲಕ ಪರಿಷತ್ತು ಪುನಃ ತೆರವಾಯಿತು.

2019ರ ಕಾಯಿದೆಯಿಂದ ರೂಪುಗೊಂಡ ರಾಷ್ಟ್ರೀಯ ವೈದ್ಯಕೀಯ ಆಯೋಗವು 2020ರ ಸೆಪ್ಟೆಂಬರ್ 25ರಂದು ಅಧಿಕಾರ ವಹಿಸಿಕೊಂಡಿತು. ಪದವಿ ಶಿಕ್ಷಣ, ಸ್ನಾತಕೋತ್ತರ ಶಿಕ್ಷಣ, ಕಾಲೇಜುಗಳ ಮೌಲ್ಯಮಾಪನ, ನೀತಿ ಮತ್ತು ನೋಂದಣಿ ಎಂಬ ನಾಲ್ಕು ಕಾರ್ಯಗಳನ್ನು ನಾಲ್ಕು ಸ್ವಾಯತ್ತ ಮಂಡಲಿಗಳಿಗೆ ಹಂಚಿದುದು ಈ ಸುಧಾರಣೆಯ ನಿಜವಾದ ಗುಣ. ಆದರೆ ಕಾಯಿದೆಯು ವಿಧಿಸಿದ 33 ಸದಸ್ಯರಲ್ಲಿ ಕಾನೂನು, ಅರ್ಥಶಾಸ್ತ್ರ, ರೋಗಿಗಳ ಹಕ್ಕು ಮೊದಲಾದ ಎಲ್ಲ ಕ್ಷೇತ್ರಗಳ ತಜ್ಞರಿಗಾಗಿ ಮೀಸಲಾದುವು ಮೂರೇ ಸ್ಥಾನಗಳು. ಚುನಾವಣೆಯ ಸ್ಥಾನದಲ್ಲಿ ನೇಮಕವು ಬಂದಿತೆಂಬುದು ದಿಟ. ರೋಗಿಯು ಮಾತ್ರ ಬಹುಮಟ್ಟಿಗೆ ಹೊರಗೇ ಉಳಿದನು.

ನಮಗೆ ಮಾದರಿಯನ್ನು ಕೊಟ್ಟ ಬ್ರಿಟನ್ ಇಷ್ಟರಲ್ಲಿ ತನ್ನ ಮಾದರಿಯನ್ನೇ ಬದಲಿಸಿಕೊಂಡಿದ್ದಿತು. ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ನಡೆದ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗಳನ್ನು ಕುರಿತ 2001ರ ವಿಚಾರಣಾ ವರದಿಯೇ ಮೊದಲಾದುವು ಅಲ್ಲಿಯ ಸಾರ್ವಜನಿಕರ ವಿಶ್ವಾಸವನ್ನು ಅಲುಗಿಸಿದ್ದುವು. 2009ರಲ್ಲಿ ಚುನಾವಣೆಯನ್ನು ಕೈಬಿಟ್ಟು, ವೈದ್ಯರೂ ವೈದ್ಯೇತರರೂ ಸಮಸಂಖ್ಯೆಯಲ್ಲಿರುವ ಪರಿಷತ್ತನ್ನು ನೇಮಿಸಲಾಯಿತು. 2012ರಲ್ಲಿ ದೂರನ್ನು ತನಿಖೆಮಾಡುವ ಕಾರ್ಯದಿಂದ ತೀರ್ಪು ನೀಡುವ ಕಾರ್ಯವನ್ನು ಬೇರ್ಪಡಿಸಲಾಯಿತು.

ಈ ಭೇದದ ಪರಿಣಾಮವು ಮೇಲ್ಮನವಿಯ ವಿಷಯದಲ್ಲಿ ಸ್ಪಷ್ಟವಾಗುತ್ತದೆ. 2019ರ ಕಾಯಿದೆಯ 30ನೆಯ ಕಲಮಿನ ಪ್ರಕಾರ, ರಾಜ್ಯ ಪರಿಷತ್ತಿನ ಕ್ರಮದಿಂದ ಬಾಧಿತನಾದ ವೈದ್ಯನು ನೀತಿ ಮಂಡಲಿಗೂ, ಅಲ್ಲಿಂದ ಆಯೋಗಕ್ಕೂ ಮೇಲ್ಮನವಿ ಸಲ್ಲಿಸಬಹುದು. ದೂರಿತ್ತ ರೋಗಿಗಾಗಲಿ, ಮೃತನ ಬಂಧುವಿಗಾಗಲಿ ಆ ಕಲಮು ಇಂಥ ಹಕ್ಕನ್ನು ಹೇಳಿಲ್ಲ. ಆಯೋಗವು ತನ್ನ ತೀರ್ಮಾನದಿಂದ ಅವರ ಮನವಿಯನ್ನು ಸ್ವೀಕರಿಸಬಹುದು. ಆದರೆ ಅನುಗ್ರಹವಾಗಿ ಬಂದುದನ್ನು ಹಕ್ಕೆನ್ನಲಾಗದು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶುಲ್ಕ ಪಡೆದ ಚಿಕಿತ್ಸೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದುದರಿಂದ ಪರಿಹಾರ ಧನಕ್ಕೆ ದಾರಿಯಾಯಿತೆಂಬುದು ನಿಜ. ಆದರೆ ಗ್ರಾಹಕ ಆಯೋಗವು ಹಣ ಕೊಡಿಸಬಲ್ಲುದೇ ಹೊರತು, ಅಯೋಗ್ಯನ ಹೆಸರನ್ನು ಪಟ್ಟಿಯಿಂದ ತೆಗೆಯಲಾರದು. ಮುಂದಿನ ರೋಗಿಗೆ ಅದರಿಂದ ರಕ್ಷಣೆಯಿಲ್ಲ.

ಆದುದರಿಂದ ಸುಧಾರಣೆಯು ವೈದ್ಯರೋ ಸರ್ಕಾರವೋ ಎಂಬ ಆಯ್ಕೆಯಲ್ಲಿಯೇ ಮುಗಿಯಲಾರದು. ವಿದ್ಯೆಯ ಗುಣವನ್ನು ವೈದ್ಯರೇ ನಿರ್ಣಯಿಸಲಿ. ನಡತೆಯ ವಿಚಾರಣೆಯಲ್ಲಿ ಹೊರಗಿನವರಿಗೆ ಸಮಾನ ಸ್ಥಾನವೂ, ದೂರಿತ್ತವನಿಗೆ ಮೇಲ್ಮನವಿಯ ಹಕ್ಕೂ ಕಾಯಿದೆಯಲ್ಲಿಯೇ ಇರಲಿ. ನ್ಯಾಯವಾದ ವಿಚಾರಣೆಯಿಂದ ಪ್ರಾಮಾಣಿಕ ವೈದ್ಯನಿಗೆ ನಷ್ಟವಿಲ್ಲ. ಅವನ ಮೇಲಿನ ಜನರ ವಿಶ್ವಾಸಕ್ಕೆ ಅದೇ ಆಧಾರ.