ಇಂಗ್ಲಿಷಿನಲ್ಲಿ ನಮ್ಮ ‘ಬೇಕು’

ವಿದ್ಯಾರ್ಥಿಯೊಬ್ಬನು ಮುಖ್ಯೋಪಾಧ್ಯಾಯರಿಗೆ ಬರೆದ ರಜೆಯ ಅರ್ಜಿಯಲ್ಲಿ ‘ಯು ಮಸ್ಟ್ ಗ್ರಾಂಟ್ ಮಿ ಲೀವ್’ ಎಂದಿತ್ತೆಂದು ಭಾವಿಸೋಣ. ಅವನ ಮನಸ್ಸಿನಲ್ಲಿದ್ದುದು ‘ತಾವು ರಜೆ ದಯಪಾಲಿಸಬೇಕು’ ಎಂಬ ವಿನಯದ ವಾಕ್ಯ. ಕಾಗದದ ಮೇಲೆ ಮೂಡಿದುದು ಆಜ್ಞೆ. ಹುಡುಗನಲ್ಲಿ ಅವಿನಯವಿರಲಿಲ್ಲ. ಎರಡು ಭಾಷೆಗಳ ನಡುವಣ ಅಂತರವನ್ನು ಅವನಿಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ.

ಕನ್ನಡದ ‘ಬೇಕು’ ಬಹು ಉದಾರವಾದ ಪದ. ಇಚ್ಛೆ, ಕರ್ತವ್ಯ, ನಿರ್ಬಂಧ, ಹಿತವಚನ, ವಿನಂತಿ ಇವೆಲ್ಲಕ್ಕೂ ಅದು ಆಶ್ರಯ ನೀಡುತ್ತದೆ. ‘ನಾನು ಊರಿಗೆ ಹೋಗಬೇಕು’ ಎಂದಾಗ ಅದು ಆಸೆಯೋ ಅನಿವಾರ್ಯವೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಇಂಗ್ಲಿಷಿನಲ್ಲಿಯಾದರೋ ಈ ‘ಬೇಕು’ ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಆಸೆಯಾದರೆ ‘ವಾಂಟ್ ಟು’. ಅದನ್ನೇ ಸೌಜನ್ಯದಿಂದ ಹೇಳುವಾಗ ‘ವುಡ್ ಲೈಕ್ ಟು’. ಎರಡರಲ್ಲೊಂದನ್ನು ಮೆಚ್ಚಿ ಆರಿಸಿಕೊಂಡಾಗ ‘ವುಡ್ ರಾದರ್’: ‘ಐ ವುಡ್ ರಾದರ್ ವಾಕ್’ ಎಂದರೆ ‘ನಡೆದು ಹೋಗುವುದೇ ನನಗಿಷ್ಟ’ ಎಂದರ್ಥ. ಮಾಡಿದರೆ ಒಳ್ಳೆಯದೆಂಬ ಹಿತವಚನಕ್ಕೆ ‘ಶುಡ್’. ಹೇಳುವವನೇ ಒತ್ತಿ ವಿಧಿಸುವಾಗ ಸಾಮಾನ್ಯವಾಗಿ ‘ಮಸ್ಟ್’. ನಿಯಮವೋ ಪರಿಸ್ಥಿತಿಯೋ ಹೊರಗಿನಿಂದ ಕಟ್ಟುಹಾಕಿದಾಗ ‘ಹ್ಯಾವ್ ಟು’. ವಿನಂತಿಯ ದಾರಿಯೇ ಬೇರೆ. ಮೇಲಿನ ಅರ್ಜಿಗೆ ‘ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್’ ಎಂಬುದೇ ತಕ್ಕುದು.

ನಿಷೇಧದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ‘ಮಸ್ಟ್’ ಮತ್ತು ‘ಹ್ಯಾವ್ ಟು’ಗಳು ವಿಧಿಯಲ್ಲಿ ಒಂದಕ್ಕೊಂದು ಹತ್ತಿರವಾಗಿದ್ದರೂ ನಿಷೇಧದಲ್ಲಿ ಬಹುದೂರ ಸರಿಯುತ್ತವೆ. ‘ಮಸ್ಟ್ ನಾಟ್’ ಎಂದರೆ ‘ಕೂಡದು’. ‘ಡೋಂಟ್ ಹ್ಯಾವ್ ಟು’ ಅಥವಾ ‘ನೀಡ್ ನಾಟ್’ ಎಂದರೆ ‘ಬೇಕಾಗಿಲ್ಲ’. ಅಲ್ಲಿ ಮಾಡುವುದೂ ಬಿಡುವುದೂ ನಮ್ಮ ಇಚ್ಛೆ. ವೈದ್ಯರು ಒಂದು ಗುಳಿಗೆಯನ್ನು ತೋರಿಸಿ ‘ಯು ಮಸ್ಟ್ ನಾಟ್ ಟೇಕ್ ದಿಸ್’ ಎಂದುದನ್ನು, ಓದಿದ ಮಗನು ಮನೆಯಲ್ಲಿ ‘ಇದನ್ನು ತೆಗೆದುಕೊಳ್ಳಬೇಕಾಗಿಲ್ಲವಂತೆ’ ಎಂದು ಹೇಳಿದರೆ, ನೋವು ಹೆಚ್ಚಿದ ರಾತ್ರಿ ತಂದೆ ಅದನ್ನು ನುಂಗಿಬಿಡಬಹುದು. ಆಗ ಕಳೆದುಹೋಗುವುದು ಪರೀಕ್ಷೆಯ ಒಂದು ಅಂಕವಲ್ಲ.

ಭೂತಕಾಲದಲ್ಲಿಯೂ ಈ ವಿವೇಚನೆ ಬೇಕು. ‘ಹೋಗಬೇಕಾಯಿತು’ ಎಂಬುದಕ್ಕೆ ‘ಹ್ಯಾಡ್ ಟು ಗೋ’. ಹೋಗದೆ ಉಳಿದು ಪರಿತಪಿಸುತ್ತ ‘ಹೋಗಬೇಕಾಗಿತ್ತು’ ಎಂದರೆ ‘ಶುಡ್ ಹ್ಯಾವ್ ಗಾನ್’. ‘ಮಸ್ಟ್ ಹ್ಯಾವ್ ಗಾನ್’ ಎಂಬುದಾದರೋ ಊಹೆ. ‘ಹೋಗಿರಬೇಕು’ ಎಂದು ಅದರ ತಾತ್ಪರ್ಯ.

ಆದುದರಿಂದ ಶಿಕ್ಷಕ ಬಂಧುಗಳು ಈ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಪ್ರತಿ ವಾಕ್ಯದಲ್ಲಿಯೂ ‘ಈ ಬೇಕು ಯಾರದು? ನಿನ್ನದೋ, ಹಿರಿಯರದೋ, ನಿಯಮದ್ದೋ?’ ಎಂದು ವಿದ್ಯಾರ್ಥಿಯನ್ನು ಕೇಳುವುದು ಲೇಸು. ಅದಕ್ಕೆ ಅವನು ಕನ್ನಡದಲ್ಲಿಯೇ ಉತ್ತರಿಸಲಿ. ಉತ್ತರ ಸ್ಪಷ್ಟವಾದಲ್ಲಿ ಇಂಗ್ಲಿಷಿನ ತಕ್ಕ ಪದವನ್ನು ಆರಿಸಿಕೊಳ್ಳುವುದು ಅವನಿಗೆ ಕಷ್ಟವಾಗದು.