ಮಾತ್ರೆ ಬಿಟ್ಟರೆ ಮೂಳೆ ಕೂಡೀತೇ?

ಪ್ರಶ್ನೆ: ಸಂಧಿವಾತಕ್ಕೆ ಸ್ಟೀರಾಯ್ಡ್ ನುಂಗುವವರ ಮುರಿದ ಕಾಲು ತಿಂಗಳುಗಳಾದರೂ ಕೂಡದಿದ್ದರೆ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ತಟ್ಟನೆ ನಿಲ್ಲಿಸಲೇಬಾರದು. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮೂಳೆ ಕಟ್ಟುವ ಕೋಶಗಳ ಕೈ ಕಟ್ಟುತ್ತದೆ, ನಿಜ. ಆದರೆ ಹತೋಟಿ ತಪ್ಪಿದ ರುಮಟಾಯ್ಡ್ ಸಂಧಿವಾತದ ಉರಿಯೂತ ಮೂಳೆ ಕರಗಿಸುವ ಕೋಶಗಳನ್ನೇ ಕೆರಳಿಸುತ್ತದೆ. ಮೇಲಾಗಿ ವಾರಗಟ್ಟಲೆ ಮಾತ್ರೆ ನುಂಗಿದ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್‌ನ ತಯಾರಿಕೆ ತಗ್ಗಿಸಿರುತ್ತದೆ. ಏಕಾಏಕಿ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬಂದೀತು. ಪ್ರಮಾಣ ಇಳಿಸುವುದು ವೈದ್ಯರ ಲೆಕ್ಕ. ಮೂಳೆ ಕೂಡಲು ರಾಗಿಮುದ್ದೆ, ಜಗಳೂರಿನ ಬಿಸಿಲು ಸಾಲದೇ ಎನ್ನಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸರಿ. ಆದರೆ ಅದು ಮೈಗೆ ಹತ್ತಲು ಬಿಸಿಲು ಕೊಡುವ ವಿಟಮಿನ್ ಡಿ ಬೇಕು, ಪ್ಲಾಸ್ಟರ್ ಕಾಲಿಗೋ ಅಂಗಳವೇ ದೂರ. ಮಾತ್ರೆಯ ಬದಲು ಏನಾದರೂ ಬಿಡುವುದಾದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ಸೀಮೆಯವರು ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಲಿ: ನಿಕೋಟಿನ್ ರಕ್ತನಾಳ ಬಿಗಿಸಿ, ಮುರಿದ ಅಂಚಿಗೆ ಹರಿಯುವ ರಕ್ತವನ್ನೇ ತಗ್ಗಿಸುತ್ತದೆ.